ಇನ್ನೊಂದು ವರ್ಷ ನೋಡೋಣ

ನನಗೀಗ 52. ಹಗಲಿಡೀ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಎರಡನೇ ಗೇರಿನ ಮುಖ ಕಾಣದ ನಾನು ರಾತ್ರಿ ಹತ್ತರ ಮೇಲೆ ಕಂಪ್ಯೂಟರಿನಲ್ಲಿ ಗಂಟೆಗೆ 240 ಕಿಲೋಮೀಟರ್ ವೇಗದಲ್ಲಿ ಕಾರು ಓಡಿಸುತ್ತೇನೆ. ಆಫೀಸಿನಲ್ಲಿ ಯಾರಿಗೂ ಹೇಳಬೇಡಿ. ಪೆಟ್ರೋಲ್ ಖರ್ಚಿಲ್ಲ, ಪೊಲೀಸರ ಕಾಟವಿಲ್ಲ. ಒಳಗಿನಿಂದ "ಇನ್ನೂ ಮಲಗ್ಲಿಲ್ವಾ?" ಎಂದು ಕೇಳಿಸಿದಾಗ ಮಾತ್ರ ಬ್ರೇಕು.

ಈ ವೈಭವಕ್ಕೆಲ್ಲ ಆಧಾರ ಜಿಟಿಎಕ್ಸ್ 1060 ಎಂಬ ಗ್ರಾಫಿಕ್ಸ್ ಕಾರ್ಡು. 2016ರಲ್ಲಿ ಬಂದ ತಳಿ, ನಾನು ಮರುವರ್ಷ ಎಸ್.ಪಿ. ರೋಡಿನಿಂದ ತಂದೆ. ಸ್ಟೀಮ್ ಆಟದಂಗಡಿಯ ಸಮೀಕ್ಷೆಯಲ್ಲಿ ವರ್ಷಗಟ್ಟಲೆ ಮೊದಲ ಸ್ಥಾನ ಬಿಟ್ಟುಕೊಡದ ಕಾರ್ಡು ಅದು. ಬಜಾಜ್ ಚೇತಕ್ ಇದ್ದ ಹಾಗೆ ಅನ್ನಿ: ಶೋಕಿಯಿಲ್ಲ, ಆದರೆ ಮನೆಮನೆಯ ಮುಂದೂ ನಿಂತಿರುತ್ತಿತ್ತು.

ಬದಲಾಯಿಸುವ ಸಂಕಲ್ಪ ನನ್ನದು 2018ರಿಂದಲೂ ಇದೆ. ಆ ವರ್ಷ ಆರ್‌ಟಿಎಕ್ಸ್ 20ರ ಸರಣಿ ಬಂತು. ಮೊದಲ ದೋಸೆ ಕಾವಲಿಗೆ ಅಂಟುವುದು ಸಹಜ, ಮುಂದಿನದು ನೋಡೋಣ ಎಂದುಕೊಂಡೆ. 2020ರಲ್ಲಿ 30ರ ಸರಣಿ ಬಂತು. ಬಂತೇನೋ, ಅಂಗಡಿಯಲ್ಲಿ ಸಿಕ್ಕರೆ ತಾನೆ? ಎಥೀರಿಯಂ ಎಂಬ ಕಾಣದ ನಾಣ್ಯ ತೆಗೆಯುವವರು ಬಾಚಿಕೊಂಡುಬಿಟ್ಟರು. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ತನ್ನ ಪದ್ಧತಿ ಬದಲಿಸಿದ ಮೇಲೆ ಆ ಕಾರ್ಡುಗಳು ನಿರುದ್ಯೋಗಿಗಳಾಗಿ ಸೆಕೆಂಡ್ ಹ್ಯಾಂಡ್ ಸಂತೆಗೆ ಬಂದವು. ಹಗಲೂ ರಾತ್ರಿ ಗಾಣ ಸುತ್ತಿದ ಎತ್ತನ್ನು ಹಲ್ಲು ನೋಡದೆ ಕೊಳ್ಳುವುದುಂಟೆ? ಕಾರ್ಡಿಗೆ ಹಲ್ಲೂ ಇಲ್ಲ. 2023ರಲ್ಲಿ 4060 ಬಂದಾಗ ಅಕ್ಕನ ಮಗ, "8 ಜಿಬಿ ಸಾಲಲ್ಲ ಮಾವ, ಮುಂದಿನದು ನೋಡಿ" ಎಂದ. ಹೀಗೇ ಮುಂದಿನ ಜಾತಕ ನೋಡುತ್ತಾ ಕೂತ ನಮ್ಮ ದೊಡ್ಡಪ್ಪನ ಮಗನೊಬ್ಬ ಈಗಲೂ ಕೈಯಾರೆ ಅಡುಗೆ ಮಾಡಿಕೊಳ್ಳುತ್ತಿದ್ದಾನೆ. ಸಾರು ಮಾತ್ರ ಬಹಳ ಚೆನ್ನಾಗಿ ಮಾಡುತ್ತಾನೆ.

ನನ್ನವಳದು ಒಂದೇ ಪ್ರಶ್ನೆ: "ಈಗಿರೋದು ಕೆಟ್ಟಿದ್ಯಾ?" ಮದುವೆಗೆ ಬಂದ ಮಿಕ್ಸಿಯನ್ನು ಬುಷ್ ಬದಲಿಸಿ ಬದಲಿಸಿ ಇಂದಿಗೂ ಚಟ್ನಿ ರುಬ್ಬುವವಳ ಮುಂದೆ ಸೆಕೆಂಡಿಗೆ ಎಷ್ಟು ಫ್ರೇಮು ಎಂಬ ಲೆಕ್ಕ ಹೇಗೆ ಒಪ್ಪಿಸುವುದು?

2024ರ ಡಿಸೆಂಬರಿನಲ್ಲಿ ಇಂಡಿಯಾನಾ ಜೋನ್ಸ್ ಆಟ ಬಂತು. ಬೆಳಕಿನ ಜಾಡು ಲೆಕ್ಕಹಾಕುವ ರೇ ಟ್ರೇಸಿಂಗ್ ಯಂತ್ರಾಂಶವಿಲ್ಲದ ನನ್ನದರಂಥ ಕಾರ್ಡಿಗೆ ಅಲ್ಲಿ ಪ್ರವೇಶವೇ ಇಲ್ಲ. ಆ ಆಟ ಆಡುವ ಇರಾದೆ ನನಗೆ ಇರಲಿಲ್ಲ, ನಿಜ. ಆದರೂ ಕರೆಯದ ಮದುವೆಯ ಊಟದ ವರ್ಣನೆ ಕೇಳಿದ ಹಾಗಾಯಿತು. ಈ ಸಲ ತಂದೇಬಿಡುವುದು ಎಂದು ಒಂದು ರಾತ್ರಿ ಕ್ಯಾಬಿನೆಟ್ಟಿನ ಮುಚ್ಚಳ ತೆಗೆದು ಅಳೆಯಲು ಕೂತೆ. ಈಗಿನ ಕಾರ್ಡುಗಳು ಸಾಮಾನ್ಯವಲ್ಲ. 4090ರ ಉದ್ದ 304 ಮಿಲಿಮೀಟರ್, ಅಂದರೆ ಒಂದಡಿ. ಕುಡಿಯುವುದು 450 ವಾಟ್. ನನ್ನ ಪವರ್ ಸಪ್ಲೈಯ ಒಟ್ಟು ತಾಕತ್ತೇ ಅಷ್ಟು. ನಲ್ಲಿ ಬದಲಿಸಲು ಹೋಗಿ ಬಚ್ಚಲುಮನೆಯನ್ನೇ ಒಡೆಸಿದವರ ಕತೆ ನೆನಪಾಯಿತು. ಅಷ್ಟರಲ್ಲಿ ಒಳಗಿನಿಂದ ಬ್ರೇಕು ಬಿತ್ತು. ಗಡಿಬಿಡಿಯಲ್ಲಿ ಮುಚ್ಚಳ ಹಾಕಿ ಮಲಗಿದೆ.

ಮರುದಿನದಿಂದ 60 ಫ್ರೇಮು ಓಡುತ್ತಿದ್ದ ಆಟ 25ಕ್ಕೆ ಇಳಿಯಿತು. ಶಾಖ 80 ಡಿಗ್ರಿ ದಾಟಿತು. ಬಿಸಿ ಏರಿದರೆ ಕಾರ್ಡು ಜೀವ ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಜೊತೆಗೆ ಟರ್‌ರ್ ಎಂಬ ನರಳಾಟ. ಹೊರಗೆ ಮುಖ ಸಪ್ಪಗೆ ಮಾಡಿಕೊಂಡೆನಾದರೂ ಒಳಗೊಳಗೇ ಪರಮಾನಂದ. ತಿಂಡಿಯ ಹೊತ್ತಿಗೆ ಘೋಷಿಸಿದೆ: "ಕೆಟ್ಟಿದೆ!"

"ಹಾಗಿದ್ರೆ ತಗೊಳ್ಳಿ," ಅಂದಳು. ಇಷ್ಟು ಸುಲಭವೇ! "ಅಂದ ಹಾಗೆ ನನ್ನ ಹೊಲಿಗೆ ಟೇಪು ನೋಡಿದ್ರಾ? ರವಿಕೆ ಅಳತೆ ತೆಗೀಬೇಕು."

"ಇಲ್ವಲ್ಲ," ಎಂದೆ, ಉಪ್ಪಿಟ್ಟಿನ ಮೇಲಿಂದ ಕಣ್ಣೆತ್ತದೆ.

ಭಾನುವಾರ ಹಳೇ ಕಾರ್ಡು ಬಿಚ್ಚಲು ಅಕ್ಕನ ಮಗ ಬಂದ. ಮುಚ್ಚಳ ತೆಗೆದ, ಬಗ್ಗಿ ನೋಡಿದ, ಫ್ಯಾನಿನ ಸಂದಿಯಿಂದ ಕೇರೆಹಾವು ಎಳೆದ ಹಾಗೆ ಹಳದಿ ಟೇಪನ್ನು ಮೊಳಮೊಳವಾಗಿ ಎಳೆದ. ಫ್ಯಾನು ಒಮ್ಮೆ ನಿಟ್ಟುಸಿರಿಟ್ಟು ತಿರುಗತೊಡಗಿತು. 60 ಫ್ರೇಮು!

ಕಾಫಿ ತಂದವಳು ಲೋಟ ಕೆಳಗಿಟ್ಟು ಟೇಪನ್ನು ಬೆಳಕಿಗೆ ಹಿಡಿದು ನೋಡಿದಳು. 34ರಿಂದ 38ರವರೆಗಿನ ಅಂಕಿಗಳು ಉಜ್ಜಿ ಅಳಿಸಿಹೋಗಿದ್ದವು.

"ಇದನ್ನ ಬದಲಾಯಿಸ್ಬೇಕು," ಅಂದಳು.