ನಿತ್ಯಯುವಕ

ಹೊಸಪೇಟೆಯ ಯಾವ ಓಣಿಗೆ ಹೋದರೂ ಒಬ್ಬ ಯುವಕ ಸಂಘದ ಅಧ್ಯಕ್ಷ ಸಿಗುತ್ತಾನೆ. 2014ರ ರಾಷ್ಟ್ರೀಯ ಯುವ ನೀತಿಯ ಪ್ರಕಾರ ಯೌವನವೆಂದರೆ 15ರಿಂದ 29. ನಮ್ಮ ಅಧ್ಯಕ್ಷಣ್ಣನ ಮಗನೇ ಈಗ ಆ ಲೆಕ್ಕದಲ್ಲಿ ಯುವಕ. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಸಂಘದ ಬೋರ್ಡಿನಲ್ಲಿ 'ಬಳ್ಳಾರಿ ಜಿಲ್ಲೆ' ಅಳಿಸಿದರು. ಅಧ್ಯಕ್ಷರ ಹೆಸರಿಗೆ ಕೈ ಹಚ್ಚಲಿಲ್ಲ. 2023ರಲ್ಲಿ ಕೇಂದ್ರದ ಯುವಜನ ಪೋರ್ಟಲ್ ಮೈ ಭಾರತ್ ಬಂದಾಗ ನೋಂದಣಿಗೆ ಮೊದಲು ಕೂತವನೂ ಇವನೇ. ಜನ್ಮದಿನಾಂಕದ ಖಾನೆ ಕಂಡದ್ದೇ ತಡ, "ನೆಟ್‌ವರ್ಕ್ ಇಲ್ಲಪಾ" ಎಂದು ಮೊಬೈಲು ಜೇಬಿಗಿಳಿಸಿದ.

ಹಂಪಿ ಉತ್ಸವದ ಮರುದಿನ ನೋಡಬೇಕು ಇವನನ್ನು. ಕಾಲೇಜಿನ ಎನ್‌ಎಸ್‌ಎಸ್ ಮಕ್ಕಳು ಬೆಳಿಗ್ಗೆಯಿಂದ ಬಗ್ಗಿ ನೀರಿನ ಬಾಟ್ಲಿ, ಚಿಪ್ಸ್ ಪೊಟ್ಟಣ ಆಯುತ್ತಿರುತ್ತಾರೆ. ಕಲ್ಲಿನ ರಥದ ಊರಿನವರಾದರೂ ಅವರ ಎದೆಯ ಮೇಲಿನ ಬ್ಯಾಡ್ಜಿನಲ್ಲಿರುವುದು ಕೋನಾರ್ಕದ ಚಕ್ರ. ಅದರ ಎಂಟು ಅರೆಗಳೆಂದರೆ ದಿನದ 24 ತಾಸೂ ಸೇವೆಗೆ ಸಿದ್ಧ ಎಂದರ್ಥ. ಅಧ್ಯಕ್ಷಣ್ಣನದು ಹಂಪಿಯ ಚಕ್ರ: ತಿರುಗದಂತೆ ಬಿಗಿದಿಟ್ಟಿದ್ದಾರೆ. ಹನ್ನೊಂದಕ್ಕೆ ಇಸ್ತ್ರಿ ಅಂಗಿಯಲ್ಲಿ ಇಳಿದವನೇ ಪೊರಕೆ ಈಸಿಕೊಂಡು ಕ್ಯಾಮೆರಾ ಹುಡುಕುತ್ತಾನೆ. ಅಷ್ಟೊತ್ತಿಗೆ ಕಸವೆಲ್ಲ ಚೀಲ ಸೇರಿರುತ್ತದೆ.

"ಲೇ ತಮ್ಮಾ, ಒಂದೆರಡು ಬಾಟ್ಲಿ ತಿರುಗಿ ಕೆಳಗ ಒಗಿ. ಫೋಟೊಕ್ಕ ಏನಾರ ಬೇಕಲ್ಲ."

ಸಂಡೂರಿಗೆ ಗಿಡ ನೆಡಲು ಹೋದರೆ ಇವನಿಗೆ ಗುದ್ದಲಿಯೂ ಬೇಡ. ಅದಿರು ಲಾರಿಯ ಹಿಂದೆ ಬೈಕಿನಲ್ಲಿ ಹೋದರಾಯಿತು, ಬಿಳಿ ಅಂಗಿ ತಾನೇ ದುಡಿದವರ ಬಣ್ಣಕ್ಕೆ ಬರುತ್ತದೆ.

ಇಷ್ಟಾದರೂ ಅಧ್ಯಕ್ಷರನ್ನು ಬದಲಿಸೋಣವೆಂದರೆ ಹುಡುಗರೇ ಒಪ್ಪುವುದಿಲ್ಲ. ಕಾರಣ ಕಂಪ್ಲಿಯಲ್ಲಿದೆ. ತುಂಗಭದ್ರಾ ಡ್ಯಾಮಿನಿಂದ ಜೋರು ನೀರು ಬಿಟ್ಟರೆ ಅಲ್ಲಿನ ಸೇತುವೆ ಮುಳುಗುತ್ತದೆ, ಹೊಳೆದಂಡೆಯ ಮನೆಗಳಿಗೆ ನೀರು ನುಗ್ಗುತ್ತದೆ. ಅಂಥ ಹೊತ್ತಿನಲ್ಲಿ ಹುಡುಗರು ಬ್ಯಾರಿಕೇಡಿನ ಬಳಿ ನಿಂತು ಸೆಲ್ಫಿ ಶೂರರನ್ನು ಹಿಂದಕ್ಕೆ ತಳ್ಳಬಲ್ಲರು, ಮುದುಕಿಯರನ್ನು ಎತ್ತಿ ತರಬಲ್ಲರು. ಆದರೆ ನಡುರಾತ್ರಿ ಕಲ್ಯಾಣಮಂಟಪದ ಬೀಗದ ಕೈ ಯಾರ ಮನೆಯಲ್ಲಿದೆ, ಯಾವ ಅಂಗಡಿಯವನು ಸಾಲಕ್ಕೆ ಅಕ್ಕಿ ಕೊಟ್ಟಾನು, ಯಾವ ಮೆಂಬರನ್ನು ಬೈದು ಎಬ್ಬಿಸಬೇಕು, ಯಾರನ್ನು 'ಅಣ್ಣಾ' ಎಂದು ಎಬ್ಬಿಸಬೇಕು? ಅದು ಯಾವ ಶಿಬಿರದಲ್ಲೂ ಕಲಿಸದ ವಿದ್ಯೆ. ಇಪ್ಪತ್ತು ವರ್ಷ ಬಿಡದೆ ಯುವಕನಾಗಿದ್ದವನಿಗಷ್ಟೇ ಒಲಿಯುತ್ತದೆ. ನಸುಕಿನಲ್ಲಿ ಇವನು ಹೋಟೆಲಿನವನಿಗೆ ಫೋನು ಹಚ್ಚುತ್ತಾನೆ:

"ನೂರು ಮಂದಿಗೆ ವಗ್ಗರಣಿ, ಮಿರ್ಚಿ ಕಳಸು. ಬಿಲ್ಲಾ? ಹಂಪಿ ಉತ್ಸವದ ಬಾಕಿ ಐತಲ್ಲ, ಅದರ ಕೆಳಗ ಬರಕೊ."