ಬಿಸಿಲೂರಿನ ಥಂಡಿ ಊಟ

ಮೇ ತಿಂಗಳ ರಜೆಗೆಂದು ಬೆಂಗಳೂರಿನಿಂದ ಭೂಸನೂರಿಗೆ ಬಂದ ಸೋದರಳಿಯ, ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಮೊಬೈಲಿನಿಂದ ತಲೆ ಎತ್ತದೆಯೇ ಕೇಳಿದ: "ಮಾಮಾ, ಕಲಬುರಗ್ಯಾಗ ಕ್ಯಾಶುಯಲ್ ಆಗಿ ಊಟ ಮಾಡೂ ಜಾಗ ಯಾವ್ಯಾವ ಅವ?"

ಕ್ಯಾಶುಯಲ್ ಅನ್ನುವ ಶಬ್ದಕ್ಕೆ ನಮ್ಮ ಕಡೆ ಇರುವುದು ಎರಡೇ ಅರ್ಥ. ಒಂದು, ಮಾಸ್ತರರು ಹಾಕುವ ರಜೆ. ಇನ್ನೊಂದು, ಹಂಗಾಮಿಗೆ ಕರೆದು ಹಂಗಾಮಿಗೇ ಬಿಡುವ ಕೂಲಿ. ಊಟಕ್ಕೂ ಈ ಶಬ್ದ ಹಚ್ಚಿದ್ದನ್ನು ನಾನು ಕೇಳಿದ್ದು ಅವತ್ತೇ ಮೊದಲು. ಅವನೇ ಬಿಡಿಸಿ ಹೇಳಿದ: ಇಸ್ತ್ರಿ ಇಲ್ಲದ ಅಂಗಿ ನಡೀತದ, ಕೈಯಿಂದ ತಿನ್ನಬಹುದು, ಗಟ್ಟಿಯಾಗಿ ಮಾತಾಡಿದರೆ ಯಾರೂ ತಿರುಗಿ ನೋಡುವುದಿಲ್ಲ. ಅಂದರೆ ಖಾನಾವಳಿ! ಅದಕ್ಕೆ ನಾವು ಇಷ್ಟು ವರ್ಷ "ಸುಮ್ನ ಹೋಗಿ ಉಂಡು ಬರೂದು" ಅನ್ನುತ್ತಿದ್ದೆವು. ಅದೊಂದು ಶೈಲಿ ಅಂತ ಗೊತ್ತಿದ್ದರೆ ಆವಾಗಲೇ ಫೋಟೊ ತೆಗೆಸಿಕೊಳ್ಳುತ್ತಿದ್ದೆವು.

ಖಾನಾವಳಿ ಗೊತ್ತಿಲ್ಲದವರಿಗೆ ಎರಡು ಮಾತು. ತಗಡಿನ ಛಾವಣಿ, ತಿರುಗಬೇಕೋ ಬೇಡವೋ ಎಂದು ಯೋಚಿಸುತ್ತಾ ತಿರುಗುವ ಫ್ಯಾನು, ಗೋಡೆಯ ಮೇಲೆ ಬಸವಣ್ಣನ ಪಟ, ಅದರ ಕೆಳಗೆ 'ಉದ್ರಿ ಕೇಳಬೇಡಿ'. ಕೂತ ಕೂಡಲೇ ತಾಟು ಬರುತ್ತದೆ. ನೀವು ಏನು ತಿನ್ನಬೇಕು ಅನ್ನುವುದನ್ನು ಮಾಲಕರು ಬೆಳಿಗ್ಗೆಯೇ ತೀರ್ಮಾನಿಸಿರುತ್ತಾರೆ. ಎರಡು ಬಿಸಿ ಜೋಳದ ರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಅದರ ಮೇಲೊಂದು ಗುಂಡಿಯಷ್ಟು ಮೊಸರು, ಬದಿಗೆ ಹಸಿ ಉಳ್ಳಾಗಡ್ಡಿ, ಮೆಂತ್ಯ ಸೊಪ್ಪಿನ ನಾಲ್ಕು ಎಸಳು. ಬ್ಯಾಳಿ ನಮ್ಮದೇ ತೊಗರಿಯದು. 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿದ ತೊಗರಿ ಅದು, ಆದರೆ ಸೌಟಿನಲ್ಲಿ ಬೀಳುವಾಗ ಒಂದು ದಿನವೂ ಪ್ರಮಾಣಪತ್ರ ತೋರಿಸಿಲ್ಲ. ರೊಟ್ಟಿ ಮುಗಿಯುವ ಮುಂಚೆ ಇನ್ನೊಂದು ಬಂದು ಬೀಳುತ್ತದೆ. "ಸಾಕು" ಅಂದರೆ ಬಡಿಸುವವನಿಗೆ ಅದು "ಹಾಕು" ಎಂದೇ ಕೇಳಿಸುತ್ತದೆ.

ಇದನ್ನೆಲ್ಲ ವರ್ಣಿಸಿದ ಮೇಲೆ ಅಳಿಯ ಕೇಳಿದ್ದು ಒಂದೇ ಪ್ರಶ್ನೆ: "ಎಸಿ ಅದೇನು?"

ತಪ್ಪು ಅವನದಲ್ಲ. ಈ ಊರಿನ ಬಿಸಿಲಿಗೆ ಸರ್ಕಾರವೇ ಹೆದರುತ್ತದೆ. ಬೇಸಿಗೆ ಬಂತೆಂದರೆ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಕಚೇರಿ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಇಳಿಸಿ ಆದೇಶ ಹೊರಡುತ್ತದೆ. ಬಿಸಿಲು ಬಲಿಯುವ ಹೊತ್ತಿಗೆ ಆಡಳಿತ ಮನೆ ಸೇರಿ ಕೂಲರಿನ ಮುಂದೆ ಕಾಲು ಚಾಚಿರುತ್ತದೆ. ನಲವತ್ತೆರಡು ನಲವತ್ತಮೂರು ಡಿಗ್ರಿಯಲ್ಲಿ ಕಡತ ಓದಲು ಆಗುವುದಿಲ್ಲ ಅನ್ನುವುದು ಸರ್ಕಾರ ಒಪ್ಪಿಕೊಂಡ ಸತ್ಯ. ಅದೇ ಡಿಗ್ರಿಯಲ್ಲಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯಬಹುದೇ ಅನ್ನುವುದರ ಬಗ್ಗೆ ಇನ್ನೂ ಆದೇಶ ಬಂದಂತಿಲ್ಲ.

ಹಾಗಾಗಿ ಕಲಬುರಗಿಯಲ್ಲಿ ಹೊಸ ಹೋಟೆಲು ಹುಡುಕುವವರು ಊಟ ಹುಡುಕುವುದಿಲ್ಲ, ನೆರಳು ಹುಡುಕುತ್ತಾರೆ. ಊಟ ನೆರಳಿನ ಜತೆಗೆ ಪುಗಸಟ್ಟೆ ಬರುತ್ತದೆ. ಬಿಲ್ಲು ಮಾತ್ರ ಅದರ ಹೆಸರಿನಲ್ಲಿ ಬರುತ್ತದೆ.

ಅಳಿಯ ತಾನೇ ಆರಿಸಿದ ಜಾಗಕ್ಕೆ ಹೋದೆವು. ಹೆಸರು ಬೇಡ, ಒಂದನ್ನು ಹೇಳಿದರೆ ಉಳಿದ ಹತ್ತಕ್ಕೆ ಸಿಟ್ಟು. ಬಾಗಿಲಲ್ಲಿ ಆಳೆತ್ತರದ ಫೈಬರ್ ಒಂಟೆ. ಗೋಡೆಗೆಲ್ಲ ಮರಳಿನ ಬಣ್ಣ, ಮೂಲೆಗೊಂದು ಪ್ಲಾಸ್ಟಿಕ್ಕಿನ ಖರ್ಜೂರದ ಮರ, ತೂಗುಬಿಟ್ಟ ಕಂದೀಲು. ಹೊರಗೆ ದೇವರು ಕೊಟ್ಟ ಅಸಲಿ ಮರುಭೂಮಿ ಬಿಟ್ಟಿಯಾಗಿ ಸುಡುತ್ತಿರುವಾಗ, ಒಳಗೆ ದುಡ್ಡು ಹಾಕಿ ನಕಲಿ ಮರುಭೂಮಿ ಕಟ್ಟಿ ಅದನ್ನು 18 ಡಿಗ್ರಿಗೆ ತಂಪು ಮಾಡಿದ್ದಾರೆ. ಬಾಗಿಲು ಕಾಯುವ ಹುಡುಗ ಮಾತ್ರ ಅಸಲಿ ಕಡೆ ನಿಂತಿದ್ದ. ಒಂಟೆಯ ನೆರಳು ಬಿದ್ದಷ್ಟು ಜಾಗದಲ್ಲಿ, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ.

ಒಳಗೆ ಒಂದು ಬದಿ ಮಂದಿ. ಮಂದಿ ಅಂದರೆ ಜನ ಅಲ್ಲ, ಯೆಮನ್ ದೇಶದ ಊಟ. ಕೆಂಡದ ಗುಂಡಿಯಲ್ಲಿ ಮಾಂಸ ಬೇಯಿಸಿ, ಅದರ ಜಿಡ್ಡನ್ನು ಅನ್ನಕ್ಕೆ ಇಳಿಸುವ ಅಡುಗೆ. ಇದರ ಮೇಲೆ ನನಗೆ ತಕರಾರಿಲ್ಲ, ರುಚಿಯ ಮೇಲಂತೂ ಇಲ್ಲವೇ ಇಲ್ಲ. ನಿಜಾಮರ ಸೈನ್ಯಕ್ಕೆ ಬಂದ ಅರಬರು ಹೈದರಾಬಾದಿನ ಬಾರ್ಕಾಸ್‌ನಲ್ಲಿ ಬೇರು ಬಿಟ್ಟರು. ಬ್ಯಾರಕ್ಸ್ ಎಂಬುದು ಬಾಯಿಂದ ಬಾಯಿಗೆ ಸವೆದು ಬಾರ್ಕಾಸ್ ಆಯಿತು. 1948ರ ತನಕ ನಾವೂ ಅದೇ ನಿಜಾಮರ ರಾಜ್ಯದವರು. ಹೀಗಾಗಿ ಲೆಕ್ಕ ಹಾಕಿದರೆ ಮಂದಿ ನಮಗೆ ದೂರದ ಬೀಗರ ಮನೆಯ ಊಟ. ನನ್ನ ತಕರಾರು ಕೂರುವುದರ ಬಗ್ಗೆ. ನೆಲಕ್ಕೆ ಗಾದಿ ಹಾಸಿ, ಐದಾರು ಜನ ಒಂದೇ ಹರಿವಾಣದ ಸುತ್ತ ಚಕ್ಕಳಬಕ್ಕಳ ಹಾಕಿ ಕೂರಬೇಕು. ನಮ್ಮಪ್ಪ ನೆಲದ ಮೇಲೆ ಕೂತು ಉಂಡದ್ದು ಹಿಂದುಳಿದದ್ದು ಅಂತ ನಾವು ಸಾಲ ಮಾಡಿ ಡೈನಿಂಗ್ ಟೇಬಲ್ ತಂದೆವು. ಈಗ ನೆಲದ ಮೇಲೆ ಕೂರಲು ಮುಂಗಡ ಬುಕಿಂಗ್. ಮೊಣಕಾಲು ನೋಯುತ್ತದೆ ಅಂದದ್ದಕ್ಕೆ ಅಳಿಯ, "ಎಕ್ಸ್‌ಪೀರಿಯನ್ಸ್, ಮಾಮಾ" ಅಂದ. ಮೊಣಕಾಲಿಗೂ ಅದೇ ಆಗುತ್ತಿತ್ತು.

ಇನ್ನೊಂದು ಬದಿಗೆ 'ದೇಸಿ' ವಿಭಾಗ. ಮೊಣಕಾಲಿನ ಒತ್ತಾಯಕ್ಕೆ ಅಲ್ಲಿಗೆ ಎದ್ದು ಹೋದೆವು. ಮೆನು ಓದಿದರೆ ನಮ್ಮ ಮನೆಯವರೆಲ್ಲ ವೇಷ ಹಾಕಿಕೊಂಡು ನಿಂತಿದ್ದರು. ಜೋಳದ ರೊಟ್ಟಿ 'ಆರ್ಟಿಸನ್ ಮಿಲೆಟ್ ಬ್ರೆಡ್', ಪುಂಡಿಪಲ್ಯ 'ಹೆರಿಟೇಜ್ ಗ್ರೀನ್ಸ್', ಅಂಬಲಿ 'ಡೆಕ್ಕನ್ ಪ್ರೋಬಯಾಟಿಕ್ ಕೂಲರ್'. ನಮಗೆ ಹೆಸರು ಬದಲಾಗುವುದು ಹೊಸದಲ್ಲ ಅನ್ನಿ. 2014ರಲ್ಲಿ ಗುಲ್ಬರ್ಗಾ ಕಲಬುರಗಿ ಆಯಿತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕ ಆಯಿತು, 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಆಗಿ ಜೋಳಕ್ಕೂ ಬಡ್ತಿ ಸಿಕ್ಕಿತು. ಜಿಲ್ಲಾಡಳಿತ 'ಕಲಬುರಗಿ ರೊಟ್ಟಿ' ಅಂತ ಬ್ರ್ಯಾಂಡ್ ಮಾಡಿ ಮಹಿಳಾ ಸಂಘಗಳ ಕೈಗೆ ಕೊಟ್ಟಿತು; 2025ರ ಜೂನ್ ತಿಂಗಳ 'ಮನ್ ಕಿ ಬಾತ್'ನಲ್ಲಿ ಪ್ರಧಾನಿಯೂ ಅದರ ಹೆಸರು ಹೇಳಿದರು. ಒಳ್ಳೆಯದೇ ಆಯಿತು, ರೊಟ್ಟಿ ಮಾಡಿದವರ ಕೈಗೆ ನಾಲ್ಕು ಕಾಸು ಬಂತು. ಆದರೆ ಮೂರೂ ಹೊತ್ತು ರೊಟ್ಟಿ ತಿನ್ನುವುದು ಬಡತನದ ಗುರುತು ಎಂದು ಮಕ್ಕಳಿಗೆ ಚಪಾತಿ ಡಬ್ಬಿ ಕಟ್ಟಿದ ನಮ್ಮ ಓಣಿಯವರೇ, ದಿಲ್ಲಿ ಹೇಳಿದ ಮರುದಿನದಿಂದ ರೊಟ್ಟಿಯ ನಾರಿನಂಶದ ಬಗ್ಗೆ ಭಾಷಣ ಶುರು ಮಾಡಿದ್ದನ್ನು ಏನೆನ್ನಬೇಕೋ ತಿಳಿಯದು.

ಹಾಲಿನ ನಡುವೆ ಒಂದು 'ಲೈವ್ ಕೌಂಟರ್'. ಇಳಕಲ್ ಸೀರೆ ಉಡಿಸಿ, ಮೂಗಿಗೆ ನತ್ತು ಹಾಕಿಸಿ ಒಬ್ಬ ಹುಡುಗಿಯನ್ನು ಕೂರಿಸಿದ್ದರು. ಅವಳು ಎರಡು ತಟ್ಟು ತಟ್ಟಿ ಕ್ಯಾಮೆರಾ ನೋಡುತ್ತಿದ್ದಳು. ಅರ್ಧ ತಾಸಿನಲ್ಲಿ ಆಕೆ ಮುಗಿಸಿದ್ದು ಒಂದೇ ರೊಟ್ಟಿ, ಆದರೆ ಹಾಲಿನ ತಾಟುಗಳಿಗೆ ಬಿದ್ದದ್ದು ನೂರಕ್ಕೆ ಕಡಿಮೆ ಇಲ್ಲ. ನನಗೆ ಬಂದ ರೊಟ್ಟಿ ತಾಟು ಮುಟ್ಟುವ ಮೊದಲೇ ಸೆಟೆದು ಚಕ್ಕಳವಾಗಿತ್ತು.

ಕೈ ತೊಳೆಯಲು ಹೋದವನು ದಾರಿ ತಪ್ಪಿ ಹಿಂದಿನ ಬಾಗಿಲು ತೆರೆದೆ. ಉಳಿದ ತೊಂಬತ್ತೊಂಬತ್ತು ರೊಟ್ಟಿ ಅಲ್ಲಿದ್ದವು. ತಗಡಿನ ಕೆಳಗೆ ಮೂರು ಒಲೆ, ಮೂವರು ಹೆಂಗಸರು. ಹೊರಗೋಡೆಗೆ ಸಾಲಾಗಿ ಎಸಿಯ ಡಬ್ಬಿಗಳು. ಒಳಗಿನ ನಮ್ಮ ಸೆಕೆಯನ್ನೆಲ್ಲ ಎಳೆದು ತಂದು ಅವು ಭರ್ರೆಂದು ಊದುತ್ತಿದ್ದದ್ದು ಈ ಮೂವರ ಬೆನ್ನಿಗೆ. ಮುಂದೆ ಒಲೆ, ಹಿಂದೆ ನಾವು.

ನಡುವಿನಾಕೆ ಹಿಟ್ಟು ನಾದಿ, ಪರಾತದಲ್ಲಿ ಬಡಿದು, ಅಂಗೈ ಅಗಲದ ಮುದ್ದೆಯನ್ನು ಚಂದ್ರನಷ್ಟು ಮಾಡಿ ಹಂಚಿಗೆ ಹಾಕಿದಳು. ಒದ್ದೆ ಅರಿವೆಯಿಂದ ಮೇಲೆ ಒಮ್ಮೆ ಸವರಿದಳು. ಬೆವರು ಒರೆಸಿಕೊಳ್ಳಲು ಇನ್ನೊಂದು ಅರಿವೆ ಹೆಗಲ ಮೇಲಿತ್ತು. ಎರಡೂ ಅದಲುಬದಲಾಗದಂತೆ ಆಕೆ ನೋಡಿಕೊಳ್ಳುತ್ತಿದ್ದಳು.

"ಯಾವೂರ್ರೀ ಅಣ್ಣಾರ?" ಅಂದಳು, ತಲೆ ಎತ್ತದೆ.

"ಭೂಸನೂರು, ಅವ್ವಾ."

"ನಮ್ಮ ತವರಮನಿ ಅಲ್ಲೇ ಬಾಜೂಕ್ರೀ! ದಿನಾ ಹೋಗಿ ಬರ್ತೀನ್ರೀ, ಹೆಣ್ಮಕ್ಕಳಿಗಿ ಬಸ್ ಫ್ರೀ ಅದ ಅಲ್ರೀ. ಊಟ ಆತ್ರೀ?"

"ಆತವ್ವಾ. ರೊಟ್ಟಿ ಸ್ವಲ್ಪ ಸೆಟೆದಿತ್ತು."

ಆಕೆಗೆ ಅದು ನೇರ ತನ್ನ ಕೈಗೆ ಅಂದ ಮಾತಾಯಿತು. "ಆ ಥಂಡ್ಯಾಗ ಒಯ್ದು ಇಟ್ರ ಏನ್ ಆಗ್ಬೇಕ್ರೀ? ರೊಟ್ಟಿ ಹಂಚಿನ ಬಾಜೂಕ ಕುಂತು ತಿನ್ಬೇಕು. ತಗೋರಿ, ಇದು ತಿಂದು ನೋಡ್ರಿ." ಹಂಚಿನಿಂದ ಕಿತ್ತು ಕೈಗೆ ಹಾಕಿದಳು. ಅಂಗೈ ಚುರ್ರೆಂದಿತು. ತನ್ನ ಗಂಟು ಬಿಚ್ಚಿ ಒಂದು ಚಿಟಿಕೆ ಶೇಂಗಾ ಹಿಂಡಿಯನ್ನೂ ಮೇಲೆ ಉದುರಿಸಿದಳು. ಅದು ಆಕೆಯ ಮಧ್ಯಾಹ್ನದ ಬುತ್ತಿ ಎಂದು ತಿಳಿದದ್ದು ತಿಂದು ಮುಗಿಸಿದ ಮೇಲೆ.

ಅಲ್ಲೇ ಇನ್ನೊಂದು ಗಳಿಗೆ ನಿಲ್ಲಬೇಕು ಅನ್ನಿಸಿತು. ನಿಲ್ಲಲಾಗಲಿಲ್ಲ, ಕಣ್ಣಿಗೆ ಕತ್ತಲು ಬರುತ್ತಿತ್ತು. ಅಷ್ಟರಲ್ಲಿ ಬಾಗಿಲ ಸಂದಿಯಿಂದ ತಂಪು ಗಾಳಿಯ ಜತೆ ಅಳಿಯನ ದನಿಯೂ ಬಂತು: "ಮಾಮಾ, ಎಲ್ಲಿದ್ದಿ? ನಿನ್ನ ಐಸ್‌ಕ್ರೀಮ್ ಕರಗ್ಲತ್ತದ!"

ಓಡಿದೆ.