ಹಾಕ್‌ಬೇಡಿ!

(ಹುಬ್ಬಳ್ಳಿ ಚೆನ್ನಮ್ಮ ಸರ್ಕಲ್ ಕಡೆ ಒಂದು ಗಿರಮಿಟ್ ಅಂಗಡಿ.)

ಬಸಣ್ಣ: ಬರ್ರಿ ಸಾಹೇಬ್ರ. ಮಾರಿ ಯಾಕ ಮಿರ್ಚಿ ಆಗೇತಿ?

ಹವಾಲ್ದಾರ: ದವಾಖಾನ್ಯಾಗ ಒಬ್ಬಾಕಿ ಸಿಸ್ಟರ್ ಡ್ಯೂಟಿಗೆ ಅಡ್ಡ ಬಂದ್ಲಲೇ. ಪೇಶಂಟಂದು ಹೇಳಿಕಿ ತಗೊಳ್ಳಾಕ ಬಿಡವಲ್ಲಳು. ಅವನ ಕಾಲು ಮುರದಾವಂತ, ಎಚ್ಚರಿಲ್ಲಂತ!

ಬಸಣ್ಣ: ಎಚ್ಚರಿಲ್ಲದವ್ರ ಹೇಳಿಕಿ ಹಗೂರಲ್ರಿ? ಎದುರು ಮಾತಾಡಂಗಿಲ್ಲ.

ಹವಾಲ್ದಾರ: ‘ಮೊದಲ ಉಪಚಾರ, ಆಮ್ಯಾಲೆ ಪೊಲೀಸ್ ಕಾಗದಪತ್ರ’ ಅಂತ ಸುಪ್ರೀಂ ಕೋರ್ಟ್ 1989ರಾಗ ಹೇಳೇತಂತ. ನನಗ ಪಾಠ!

ಬಸಣ್ಣ: ದಿಲ್ಲಿ ಟಪಾಲರಿ, ನಿಮ್ಮ ಸ್ಟೇಶನ್ನಿಗೆ ಇನ್ನೂ ಮುಟ್ಟಿಲ್ಲೇನೋ.

ಹವಾಲ್ದಾರ: ಅದಕ್ಕ ಪೇಶಂಟಗ ಮಂಚಕ್ಕ ಕೂಡಿಸಿ ಬೇಡಿ ಹಾಕಿ ಬಂದೆ.

ಬಸಣ್ಣ: ಸಿಸ್ಟರ್ ಸುಮ್ನಿದ್ಲಾ?

ಹವಾಲ್ದಾರ: ಮೈಸೂರು ಕಡೆಯಾಕಿ. ‘ಹಾಕ್ ಬೇಡಿ, ಹಾಕ್ ಬೇಡಿ’ ಅಂತ ಆಕೀನ ಒದರಿದ್ಲು. ಹಾಕಿದೆ!

ಬಸಣ್ಣ: ಅಂದ್ರ ಅವ ಆರೋಪಿನೇನ್ರಿ?

ಹವಾಲ್ದಾರ: ಆರೋಪಿನೋ ಫಿರ್ಯಾದಿನೋ, ಅದನ್ನ ಕೇಳಾಕ ಹೇಳಿಕಿ ಬೇಕಲ್ಲಲೇ!

ಬಸಣ್ಣ: ಕಾಲು ಮುರದಾವಂತಲ್ರಿ?

ಹವಾಲ್ದಾರ: ಎರಡೂ. ಆದ್ರೂ ಓಡಿ ಹೋದ್ರ?

ಬಸಣ್ಣ: ಖರೇರಿ. ಮಂಚಕ್ಕ ನಾಕು ಗಾಲಿ ಬ್ಯಾರೆ ಅದಾವು.

ಹವಾಲ್ದಾರ: (ಗಿರಮಿಟ್ ಕೆಳಗಿಟ್ಟು) ಹೌದಲಲೇ! ಇನ್ನೊಂದು ಬೇಡಿ ತರಬೇಕು!